ಹಜರತಬಿಯ ಬೆರಳು, ರೈಬೋಸೋಮಿನ ಕೆಲಸ

ಬಾದಾಮಿಯಲ್ಲಿ ಗಂಡನ ಮಣ್ಣು ಮುಗಿದು, ನೆಂಟರು ಒಬ್ಬೊಬ್ಬರಾಗಿ ಬಸ್ಸು ಹತ್ತಿ, ನಾನು ಅತ್ತೆಯೊಂದಿಗೆ ಇಳಕಲ್ಲಿನ ಬಾಡಿಗೆ ಮನೆಗೆ ಮರಳಿದ ಮೇಲೆ ಇದು ಮೊದಲ ಸಾಮಾನ್ಯ ಬೆಳಗು. ಹಾಲಿನವನು ಬಂದು ಹೋಗಿದ್ದಾನೆ. ನಳಕ್ಕೆ ನೀರು ಬಂದಿದೆ. ಪಕ್ಕದ ಮಾಯವ್ವನ ಮನೆಯಲ್ಲಿ ಮಾತ್ರ ಮಗ್ಗದ ಸದ್ದಿಲ್ಲ. ಸೀರೆಯ ಉದ್ದಕ್ಕೆ ಓಡುವ ಎಳೆಗಳ ಹಳೆಯ ಹಾಸು ಮುಗಿದಿದೆ, ಹೊಸದನ್ನು ಅದಕ್ಕೆ ಕೂಡಿಸಬೇಕು. ಆ ಕೆಲಸಕ್ಕೆ ಹಜರತಬಿ ಬಂದಿದ್ದಾರೆ.

ನಮ್ಮ ಅಡುಗೆ ಮನೆಯ ಕಿಟಕಿಯಿಂದ ಅವರು ಕಾಣುತ್ತಾರೆ. ಮಗ್ಗದ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಒಂದು ಕಡೆ ಹಳೆಯ ಹಾಸಿನ ಮೊಟಕು ತುದಿಗಳು, ಇನ್ನೊಂದು ಕಡೆ ಹೊಸ ಹಾಸಿನ ಎಳೆಗಳು, ಮೊಣಕಾಲ ಹತ್ತಿರ ಬಟ್ಟಲಲ್ಲಿ ಸೋಸಿದ ಬೂದಿ. ಹಳೆಯದರಿಂದ ಒಂದು ಎಳೆ ಎತ್ತುತ್ತಾರೆ, ಹೊಸದರಿಂದ ಒಂದು. ಬೂದಿ ಮೆತ್ತಿದ ಹೆಬ್ಬೆರಳು ತೋರುಬೆರಳಿನ ನಡುವೆ ಎರಡನ್ನೂ ಒಮ್ಮೆ ಹೊಸೆದು, ಮಡಚಿ, ಬಿಡುತ್ತಾರೆ. ಗಂಟು ಬೀಳುವುದಿಲ್ಲ. ಎಳೆದರೂ ಬಿಚ್ಚುವುದಿಲ್ಲ. ಆಗಲೇ ಕೈ ಮುಂದಿನ ಎಳೆಯ ಮೇಲಿರುತ್ತದೆ.

ಇದಕ್ಕೆ ಹಾಸು ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಹಾಸಿನಲ್ಲಿ ಸಾವಿರಗಟ್ಟಲೆ ಎಳೆಗಳಿರುತ್ತವೆ. ಬೆಳಕು ಹರಿಯುವ ಮೊದಲು ಕುಳಿತ ಹಜರತಬಿ ಏಳುವುದು ಸಂಜೆಯ ಆಜಾನಿನ ಹೊತ್ತಿಗೆ. ನಡುವೆ ಒಂದು ಊಟ, ಎರಡು ಚಹಾ. ಮರುದಿನ ಇನ್ನೊಂದು ಓಣಿ, ಇನ್ನೊಂದು ಮನೆ. ಅವರಿಗೆ ಸ್ವಂತ ಮಗ್ಗವಿಲ್ಲ. ಒಂದು ಸೀರೆಯನ್ನೂ ಅವರು ನೇಯ್ದಿಲ್ಲ. ಕೆಚ್ಚಿದ ಹಾಸಿನಿಂದ ಎಂಥ ಸೀರೆ ಬಂತೆಂದು ನೋಡಲು ಹೋಗುವುದೂ ಇಲ್ಲ.

"ಸೀರಿ ನೋಡ್ಕೋಂತ ಕುಂತ್ರ ಮುಂದಿನ ಮನಿ ಹಾಸ ಯಾರ ಕೆಚ್ಚಬೇಕ್ರಿ?" ಎನ್ನುತ್ತಾರೆ.

ಮಗ್ಗದಲ್ಲಿ ಬಾಚಣಿಗೆಯಂಥ ಒಂದು ಉದ್ದನೆಯ ಚೌಕಟ್ಟು ಇರುತ್ತದೆ. ಅದು ಫಣಿ. ಹಾಸಿನ ಎಳೆಗಳು ಅದರ ಹಲ್ಲುಗಳ ನಡುವೆ ಸಾಲಾಗಿ ಹಾಯ್ದಿರುತ್ತವೆ. ಒಂದು ಹಾಸು ಮುಗಿದಾಗ ನೇಕಾರರು ಕೊನೆಯ ಮೊಳವನ್ನು ಫಣಿಯಲ್ಲೇ ಉಳಿಸುತ್ತಾರೆ. ಹೊಸ ಎಳೆಗಳನ್ನು ಅದಕ್ಕೆ ಕೆಚ್ಚಿ ಎಳೆದುಕೊಂಡರೆ ಅವು ತಮ್ಮ ತಮ್ಮ ಹಲ್ಲಿನಲ್ಲಿ ಹಾಯ್ದು ಬರುತ್ತವೆ. ಅಂಚಿನಲ್ಲಿ ಎಲ್ಲಿ ಕೆಂಪು, ಎಲ್ಲಿ ಹಳದಿ ಎಂಬುದು ಆ ಮೊಟಕು ತುದಿಗಳ ಸಾಲಿನಲ್ಲೇ ಇರುತ್ತದೆ. ನೋಡಿದವರಿಗೆ ಅದು ಹರಕು ನೂಲು. ಅದು ಹೋದರೆ ಎಲ್ಲವನ್ನೂ ಮೊದಲಿನಿಂದ ಪೋಣಿಸಬೇಕು.

ಕಿಟಕಿಯಲ್ಲಿ ನನ್ನನ್ನು ಕಂಡು ಹಜರತಬಿ ತಲೆ ತಗ್ಗಿಸುತ್ತಾರೆ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಗಂಡ ಸತ್ತವಳ ಮುಖ ನೋಡಲು ಅಳುಕುತ್ತಾರೆ ಎಂದುಕೊಂಡು ನಾನು ಸರಿಯುತ್ತೇನೆ. ನಿಜವಾದ ಕಾರಣ ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಹಜರತಬಿ ತಮ್ಮದಲ್ಲದ ಒಂದು ಫಣಿಯನ್ನು ನನ್ನ ಗಂಡನಿಗೆ ಕೊಟ್ಟಿದ್ದರು. ಅದರ ಒಡೆಯ ಅದನ್ನು ಕೇಳುತ್ತಿದ್ದ. ಅವರು ಅದನ್ನು ಮಾರಿಕೊಂಡಿದ್ದಾರೆ ಎಂಬ ಮಾತು ಓಣಿಯಲ್ಲಿ ಹುಟ್ಟಿತ್ತು. ಮನೆ ಮನೆ ಹೊಕ್ಕು ಕೆಲಸ ಮಾಡುವವರಿಗೆ ಆ ಮಾತೊಂದು ಸಾಕು. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ಒಡೆಯನ ಹೆಸರು ಮಹಾಂತೇಶ. ಎರಡು ಓಣಿ ಆಚೆಗೆ ಅವನ ಮನೆ. ಮೇಲ್ಛಾವಣಿ ಬಿಚ್ಚಿ ಹೊಸದು ಹಾಕಿಸುವಾಗ ಮಗ್ಗ ನಿಲ್ಲಿಸಿದ್ದ. ತೆರೆದ ಮನೆಯಲ್ಲಿ ಇಲಿಗಳ ಕಾಟವೆಂದು ಫಣಿಯನ್ನು ಎಳೆಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಹಜರತಬಿಯ ಮನೆಯಲ್ಲಿಟ್ಟಿದ್ದ. ಅವನ ಅಪ್ಪನ ಕಾಲದಿಂದ ಆ ಮಗ್ಗದ ಹಾಸು ಕೆಚ್ಚಿದವರು ಅವರೇ, ಅವರಿಗಿಂತ ಮೊದಲು ಅವರ ತಾಯಿ. ಬೇರೆ ಯಾರ ಮನೆಯಲ್ಲಿ ಇಡುತ್ತಾನೆ?

ಅದನ್ನು ಕೇಳಿ ಒಯ್ದವರು ರಾಹುಲ, ನನ್ನ ಗಂಡ. ಹುನಗುಂದದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಪ್ರತಿ ವರ್ಷ ಅವರಿಗೆ ಕೈಕೊಡುತ್ತಿದ್ದ ಪಾಠ ರೈಬೋಸೋಮಿನದು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಬರೀ ಚುಕ್ಕೆ. ಮಕ್ಕಳು ಚುಕ್ಕೆ ಇಟ್ಟು ಅಂಕ ಪಡೆದು ಮರೆಯುತ್ತಿದ್ದರು.

ಪಾಠವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯ ಒಂದು ಭಾಗದ ನಕಲು ಉದ್ದನೆಯ ಎಳೆಯಾಗಿ ಹೊರಬರುತ್ತದೆ. ರೈಬೋಸೋಮು ಎರಡು ತುಂಡುಗಳ ಪುಟ್ಟ ಯಂತ್ರ. ಆ ಎರಡು ತುಂಡುಗಳೂ ಸೇರಿ ಎಳೆಯನ್ನು ತಮ್ಮ ನಡುವೆ ಹಿಡಿಯುತ್ತವೆ. ಎಳೆಯ ಮೇಲಿನ ಮೂರು ಅಕ್ಷರ ಓದಿದರೆ ಒಂದು ಅಮೈನೋ ಆಮ್ಲ. ಅದನ್ನು ಹೊತ್ತು ತರುವ ಆಳು ಬೇರೆ. ತಂದದ್ದನ್ನು ಹಿಂದಿನದಕ್ಕೆ ಕೂಡಿಸಿ, ರೈಬೋಸೋಮು ಮುಂದಿನ ಮೂರಕ್ಕೆ ಸರಿಯುತ್ತದೆ. ನಮ್ಮ ಮೈಯಲ್ಲಿ ಒಂದು ಸೆಕೆಂಡಿಗೆ ನಾಲ್ಕೈದು ಸಲ ಹೀಗೆ ಕೂಡಿಸುತ್ತದೆ. ನಿಲ್ಲು ಎಂಬ ಸೂಚನೆ ಬಂದಾಗ ಸರಪಳಿಯನ್ನು ಬಿಟ್ಟು ಬೇರೊಂದು ಎಳೆಗೆ ಹೋಗುತ್ತದೆ. ಆ ಸರಪಳಿಯೇ ಪ್ರೋಟೀನು. ಅದು ಮಡಚಿಕೊಂಡು ರಕ್ತದ ಹಿಮೋಗ್ಲೋಬಿನ್ ಆಯಿತೋ, ಕೂದಲಾಯಿತೋ, ಊಟ ಕರಗಿಸುವ ರಸವಾಯಿತೋ, ರೈಬೋಸೋಮಿಗೆ ಗೊತ್ತಿಲ್ಲ. ಒಂದೊಂದು ಕೋಶದಲ್ಲೂ ಅವು ಲಕ್ಷಗಟ್ಟಲೆ ಇವೆ.

ಮೈಯೊಳಗೆ ಸೂತಕವಿಲ್ಲ. ಮಣ್ಣಿಗೆ ಹೋಗಿ ಬಂದ ದಿನವೂ ಅವು ನಿಂತಿರಲಿಲ್ಲ. ನನ್ನ ಉಗುರುಗಳು ಬೆಳೆದವು. ಹಸಿವಾಯಿತು. ಅತ್ತೆಯ ಮುಂದೆ ಎರಡನೇ ರೊಟ್ಟಿಗೆ ಕೈ ಚಾಚಲು ನಾಚಿಕೆಯಾಯಿತು. ಚಾಚಿದೆ.

ಕಿಟಕಿಯಿಂದ ಹಜರತಬಿಯ ಬೆರಳುಗಳನ್ನು ನೋಡಿ ರಾಹುಲರಿಗೆ ಈ ಪಾಠ ನೆನಪಾಗಿತ್ತು. ಕಾಲೇಜಿಗೆ ಬಂದು ಮಕ್ಕಳ ಮುಂದೆ ಕೆಚ್ಚಿ ತೋರಿಸಿ ಎಂದು ಕೇಳಲು ಅವರ ಮನೆಗೇ ಹೋಗಿದ್ದರು. ಸಾಲಿ ಮೆಟ್ಟಿಲು ಹತ್ತದವಳು ನಾನು, ಹುಡುಗರು ನಗುತ್ತಾರೆ ಎಂದು ಹಜರತಬಿ ಒಪ್ಪಲಿಲ್ಲ. ಹಾಗಾದರೆ ಒಂದು ಫಣಿಯನ್ನಾದರೂ ಕೊಡಿ, ಒಂದು ವಾರದಲ್ಲಿ ತಂದುಕೊಡುತ್ತೇನೆ ಎಂದು ರಾಹುಲ ಕೇಳಿದರಂತೆ. ಮೈಯೊಳಗೂ ಹೀಗೆ ಎಳೆ ಹಿಡಿದು ಕೂಡಿಸುವವರು ಇದ್ದಾರೆಂದೂ ಹೇಳಿದರಂತೆ. ಹಜರತಬಿ ಎಲ್ಲವನ್ನೂ ಕೇಳಿಸಿಕೊಂಡು, "ಹಂಗಾರ ಅವಕೂ ಮೊಣಕಾಲ ನೋಯ್ತಾವೇನ್ರಿ ಸರ?" ಎಂದರಂತೆ. ರಾಹುಲ ಮನೆಗೆ ಬಂದು ಈ ಒಂದು ಮಾತನ್ನು ನನಗೆ ಹೇಳಿ ನಕ್ಕಿದ್ದರು. ಫಣಿಯ ವಿಷಯ ಹೇಳಿರಲಿಲ್ಲ. ಆ ವಾರ ಮುಗಿಯುವ ಮೊದಲೇ, ಹುನಗುಂದದಿಂದ ಬರುವಾಗ ಹೆದ್ದಾರಿಯಲ್ಲಿ ಅವರ ಬೈಕಿಗೆ ಲಾರಿ ತಾಗಿತು.

ಹಜರತಬಿಗೆ ಈಗ ಐವತ್ತು ದಾಟಿದೆ. ಗಂಡ ಜಲಾಲುದ್ದೀನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಹೊಳಪು ಕೊಡುತ್ತಿದ್ದವರು. ದೂಳು ಎದೆಗೆ ಇಳಿದು ಕೆಮ್ಮು ಹತ್ತಿದ ಮೇಲೆ ಮನೆಯಲ್ಲೇ ನೂಲು ಸುತ್ತುತ್ತಾರೆ. ಚಳಿಗಾಲದಲ್ಲಿ ಕಫ ಕಟ್ಟಿ ಜ್ವರ ಬಂದರೆ ದವಾಖಾನೆಯಿಂದ ಆಂಟಿಬಯಾಟಿಕ್ ಮಾತ್ರೆ ತರುತ್ತಾರೆ. ಅಂಥ ಮಾತ್ರೆಗಳಲ್ಲಿ ಕೆಲವು ರೋಗಾಣುವಿನ ರೈಬೋಸೋಮಿನ ಕೈಯನ್ನು ಹಿಡಿದು ನಿಲ್ಲಿಸುತ್ತವೆ, ನಮ್ಮದರ ಗೊಡವೆಗೆ ಹೋಗುವುದಿಲ್ಲ. ಕೂಡಿಸುವ ಕೆಲಸ ನಿಂತರೆ ರೋಗಾಣು ಬದುಕುವುದಿಲ್ಲ. ಇಳಕಲ್ಲಿನ ಕೈಮಗ್ಗಗಳಿಗೂ ಹೀಗೆಯೇ. ಹಾಸು ಕೆಚ್ಚುವ ಹೆಂಗಸರು ಈಗ ಬೆರಳೆಣಿಕೆಯಷ್ಟು. ಕಿರಿಯರು ಇಷ್ಟು ಹೊತ್ತು ಬಾಗಿ ಕೂರಲು ಬರುವುದಿಲ್ಲ. ಬರಬೇಕೆಂದು ಹಜರತಬಿಯೂ ಹೇಳುವುದಿಲ್ಲ. ಕುಳಿತಲ್ಲಿಂದ ಎದ್ದರೆ ಸೊಂಟ ನೆಟ್ಟಗಾಗಲು ಅವರಿಗೆ ಗೋಡೆ ಬೇಕು.

ಅಂದು ಮಧ್ಯಾಹ್ನ ಅವರು ನಮ್ಮ ಬಾಗಿಲಿಗೆ ಬರುತ್ತಾರೆ. ಹೊಸ್ತಿಲಾಚೆ ನಿಲ್ಲುತ್ತಾರೆ. ಏನೋ ಹೇಳಲು ಬಾಯಿ ತೆರೆದು, ನನ್ನ ಹಣೆ ನೋಡಿ, ಮುಚ್ಚುತ್ತಾರೆ. ನನ್ನ ಅತ್ತೆ ಚಂದವ್ವ ಒಳಗಿನಿಂದ ನೋಡಿದವರೇ, ಸತ್ತವರ ಬಟ್ಟೆ ಕೇಳಲು ಬಂದಿದ್ದಾರೆ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಆಗಲೇ ಗಂಟು ಕಟ್ಟಿಟ್ಟಿದ್ದರು. ಆ ಗಂಟನ್ನು ತಂದು ಹಜರತಬಿಯ ಕೈಗೆ ಇಡುತ್ತಾರೆ. "ನಿಮ್ಮ ಮನ್ಯಾರಿಗಿ ಆಕ್ಕಾವು, ಒಯ್ರಿ," ಎನ್ನುತ್ತಾರೆ. ದಾನ ಮಾಡಿದ ಸಮಾಧಾನ ಅವರ ದನಿಯಲ್ಲಿದೆ. ಹಜರತಬಿ ಗಂಟನ್ನು ಎದೆಗೆ ಹಿಡಿದು ನಿಂತಿರುತ್ತಾರೆ. ಬೇಡ ಎಂದರೆ ಸತ್ತವರಿಗೆ ಅವಮಾನ. ತೆಗೆದುಕೊಂಡರೆ ಬೇಡಲು ಬಂದಂತೆ. ತೆಗೆದುಕೊಂಡು ಹೋಗುತ್ತಾರೆ. ನಾನು ನೋಡುತ್ತಲೇ ಇದ್ದೇನೆ, ಒಂದು ಮಾತೂ ಕೇಳುವುದಿಲ್ಲ.

ವಿಷಯ ಒಡೆಯುವುದು ಮರುದಿನ, ನಳದ ಹತ್ತಿರ. ಮಾಯವ್ವ ಕೊಡ ತುಂಬುತ್ತ, ನನ್ನ ಕಡೆ ನೋಡದೆ ಶುರು ಮಾಡುತ್ತಾಳೆ. ಹಾಸು ಕೆಚ್ಚುವಾಗ ಹಜರತಬಿ ಅತ್ತಿದ್ದಾರೆ. ಅವಳು ಕೆದಕಿ ಕೇಳಿದ್ದಾಳೆ.

"ಓದಿದಾಕಿ ನೀ. ಬಾಗಲಾಗ ನಿಂತಾಕಿ ಮಾರಿ ನೋಡಿ ತಿಳೀಲಿಲ್ಲೇನ ಯವ್ವಾ?"

ಏನೆಂದು ಕೇಳುತ್ತೇನೆ. ಫಣಿಯ ಕತೆಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮಹಾಂತೇಶನ ಛಾವಣಿ ಮುಗಿದಿದೆ, ಹೊಸ ಹಾಸು ಸುತ್ತಿ ಇಟ್ಟಿದ್ದಾನೆ, ಫಣಿ ತಾ ಎಂದು ದಿನವೂ ಕೇಳುತ್ತಿದ್ದಾನೆ. ಪೆಟ್ಟಿಗೆಯ ಕೀಲಿ ಕಳೆದಿದೆ ಎಂದು ಹಜರತಬಿ ಸುಳ್ಳು ಹೇಳಿದ್ದಾರೆ. ಮಾರಿಕೊಂಡಿದ್ದಾಳೆ ಎಂದು ಯಾರೋ ಅಂದಿದ್ದಾರೆ. ನಾಳೆಗೆ ಕರೆದಿದ್ದ ಒಂದು ಮನೆಯವರು ಆಗಲೇ ಬೇಡವೆಂದಿದ್ದಾರೆ.

"ಸರ ತೀರಿಕೊಂಡ ಮನ್ಯಾಗ ಹೋಗಿ ಸಾಮಾನ ಕೊಡ್ರಿ ಅಂತ ಹ್ಯಾಂಗ ಕೇಳ್ಲಿ ಅಂತಾಳ ಆಕಿ. ನಿಮ್ಮತ್ತಿ ಅಂಗಿ ಕೊಟ್ಟ ಕಳಿಸ್ಯಾರ. ಭಾಳ ಚಲೋ ಆತು ಬಿಡು," ಎಂದು ಮಾಯವ್ವ ಕೊಡ ಎತ್ತಿಕೊಂಡು ಹೋಗುತ್ತಾಳೆ.

ಅಂದೇ ಹುನಗುಂದದ ಬಸ್ಸು ಹಿಡಿಯುತ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸಂಗಮೇಶ ಪ್ರಯೋಗಾಲಯದ ಬಾಗಿಲು ತೆಗೆಯುತ್ತಾರೆ. ಫಣಿ ಉದ್ದನೆಯ ಮೇಜಿನ ಮೇಲೆ ಹಾಗೇ ಇದೆ. ಯಾರೂ ಮುಟ್ಟಿಲ್ಲ. ರಾಹುಲ ಸರ್ ಇಟ್ಟದ್ದೆಂದು ಮಕ್ಕಳು ಅದರ ಮುಂದೆ ಒಂದು ಹೂವು ಇಟ್ಟಿದ್ದಾರೆ, ಅದು ಒಣಗಿದೆ.

ಫಣಿ ತಂದ ದಿನ ರಾಹುಲ ಮಾಡಿದ ಪಾಠವನ್ನು ಸಂಗಮೇಶ ಹೇಳುತ್ತಾರೆ. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು ಅಂಚಿನ ಮೂರು ಎಳೆಯ ಬಣ್ಣ ಓದಿ, ಅದೇ ಬಣ್ಣದ ಉಲ್ಲನ್ ಎಳೆಗಳನ್ನು ತರಿಸಿ ಕಟ್ಟಬೇಕು. ಮೊಟಕು ತುದಿಗಳ ಸಾಲು ಸಂದೇಶ, ಕಟ್ಟುವವರು ರೈಬೋಸೋಮು. ನಡುವೆ ಒಬ್ಬ ಹುಡುಗಿ ಒಂದು ಎಳೆ ಬಿಟ್ಟುಬಿಟ್ಟಳು. ಅವಳ ನಂತರದವರೆಲ್ಲ ಒಂದೊಂದು ಎಳೆ ಸರಿದೇ ಓದಿದರು. ಮೂರರ ಗುಂಪಿನಲ್ಲಿ ಕೆಂಪು ಇರಬೇಕಾದಲ್ಲಿ ಹಳದಿ ಬಂತು, ಕೊನೆಯವರೆಗೂ ಹಾಗೆಯೇ. ಯಾರೂ ತಪ್ಪಾಗಿ ಕಟ್ಟಿರಲಿಲ್ಲ, ಆದರೂ ಎಲ್ಲವೂ ತಪ್ಪಾಗಿತ್ತು. ರಾಹುಲ ಅದನ್ನು ಬಿಚ್ಚಿಸಲಿಲ್ಲವಂತೆ. ಒಂದು ಅಕ್ಷರ ಜಾರಿದರೆ ರೈಬೋಸೋಮೂ ಹೀಗೆಯೇ ಓದುತ್ತ ಹೋಗುತ್ತದೆ, ತಪ್ಪು ಪ್ರೋಟೀನು ಹುಟ್ಟುತ್ತದೆ, ಕೆಲವು ಕಾಯಿಲೆಗಳು ಬರುವುದು ಇದರಿಂದಲೇ ಎಂದು ತೋರಿಸಿದರಂತೆ. ಪಾಠ ಚೆನ್ನಾಗಿ ಆಗಿತ್ತು.

ನಾನು ನೋಡುತ್ತಿರುವುದು ಗಂಟುಗಳನ್ನು. ಮಕ್ಕಳಿಗೆ ಹೊಸೆಯಲು ಬರದೆ ಗಂಟು ಹಾಕಿದ್ದಾರೆ. ದಪ್ಪ ದಪ್ಪ ಗಂಟು. ಇವು ಫಣಿಯ ಹಲ್ಲಿನ ನಡುವೆ ಹಾಯುವುದಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಇನ್ನೊಬ್ಬರ ಮಗ್ಗದ ಸಾಮಾನು ಇದು. ಎರವಲು ತಂದವರು ಹೀಗೆ ಮಾಡಿಟ್ಟು ಹೋಗಿದ್ದಾರೆ. ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಇಳಕಲ್ಲಿಗೆ ಮರಳುತ್ತೇನೆ.

ಹಜರತಬಿಯ ಮನೆ ಒಂದೇ ಕೋಣೆಯದು. ಜಲಾಲುದ್ದೀನ ನನ್ನನ್ನು ಕಂಡು ಎದ್ದು ಹೊರಗೆ ಹೋಗುತ್ತಾರೆ. ಅತ್ತೆ ಕೊಟ್ಟ ಗಂಟು ಗೋಡೆಯ ಮಾಡದಲ್ಲಿದೆ, ಬಿಚ್ಚಿಲ್ಲ. ಹಜರತಬಿ ಫಣಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಉಲ್ಲನ್ ಎಳೆಯೊಂದನ್ನು ಎಳೆದು ನೋಡುತ್ತಾರೆ. ನಾನು ಕ್ಷಮೆ ಕೇಳಲು ಹೊರಟಾಗ ಕೈ ಎತ್ತಿ ತಡೆಯುತ್ತಾರೆ. ಬಾಗಿಲಿನ ಬೆಳಕಿಗೆ ಕುಳಿತು, ಸಣ್ಣ ಕತ್ತರಿಯಿಂದ ಗಂಟುಗಳನ್ನು ಒಂದೊಂದಾಗಿ ಕತ್ತರಿಸುತ್ತಾರೆ. ಅಂಚಿನ ಒಂದು ಬದಿ ಗಿಡ್ಡವಾಗುತ್ತದೆ. ಬೆರಳಿಗೆ ಸಿಗುವಷ್ಟು ಉಳಿಯುತ್ತದೆಯೋ ಇಲ್ಲವೋ ಎಂದು ನಾನು ನೋಡುತ್ತೇನೆ. ಉಳಿಯುತ್ತದೆ, ಕಷ್ಟದಿಂದ.

ಯಾಕೆ ಕೊಟ್ಟಿರಿ ಎಂದು ನಾನು ಕೇಳುವುದಿಲ್ಲ. ಅವರೇ ಹೇಳುತ್ತಾರೆ.

"ಸರ ಮನಿ ಬಾಗಲಿಗಿ ಬಂದ ಕೇಳಿದ್ರು, ಅಕ್ಕಾರ. ನನ್ನ ಹತ್ರ ಯಾರರೆ ಬಂದ ಕೇಳುವಂಥಾದ್ದು ಏನ ಇತ್ತರಿ? ಅದೊಂದ ಇತ್ತು. ಅದೂ ನಂದಲ್ಲ."

ಮಹಾಂತೇಶನಿಗೆ ತಪ್ಪು ನಮ್ಮದೆಂದು ನಾನೇ ಹೇಳುತ್ತೇನೆ, ಕಾಲೇಜಿನವರು ಕೇಳಿದರೆಂದರೆ ಅವನು ಸುಮ್ಮನಾಗುತ್ತಾನೆ ಎನ್ನುತ್ತೇನೆ. ಅವರು ತಲೆ ಅಲ್ಲಾಡಿಸುತ್ತಾರೆ. ಈ ಲೇಖನದ ಮಾತೂ ಅಲ್ಲೇ ಬರುತ್ತದೆ. ನಿಮ್ಮ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲೇ, ಫಣಿಯ ವಿಷಯ ಬಿಟ್ಟು ಬರೆಯುತ್ತೇನೆ ಎಂದು ಕೇಳುತ್ತೇನೆ.

"ಬಿಡಬ್ಯಾಡ್ರಿ. ಕೇಳದ ಕೊಟ್ಟಾಳ ಅಂತ ಬರೀರಿ. ಸುಳ್ಳ ಹೇಳ್ಯಾಳ ಅಂತ ಬರೀರಿ. ಮಾರಿಲ್ಲ ಅಂತನೂ ಬರೀರಿ. ಅದಿಲ್ಲದ ಇದು, ಇದಿಲ್ಲದ ಅದು ಖರೆ ಅನಸೂದಿಲ್ಲ."

ಮಹಾಂತೇಶನ ಮನೆಗೆ ಹೋಗುವಾಗ ಫಣಿ ನನ್ನ ಕೈಯಲ್ಲಿದೆ. ನನ್ನ ಗಂಡ ಒಯ್ದದ್ದು, ನಾನೇ ಹೊರಬೇಕೆಂದು ಕೇಳಿ ಪಡೆದಿದ್ದೇನೆ. ಓಣಿಯ ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ ನೋಡುತ್ತಾರೆ. ಹಜರತಬಿ ನನ್ನ ಪಕ್ಕ ಬರುವುದಿಲ್ಲ, ಎರಡು ಹೆಜ್ಜೆ ಹಿಂದೆ ಬರುತ್ತಾರೆ. ಹೊಸ ಛಾವಣಿಯ ಕೆಳಗೆ ಮಗ್ಗ ಖಾಲಿಯಾಗಿ ನಿಂತಿದೆ. ಮಹಾಂತೇಶ ಬಾಗಿಲಿಗೆ ಬಂದು, ನನ್ನನ್ನು ಕಂಡು ಏನೋ ಸಮಾಧಾನದ ಮಾತು ಆಡಲು ಹೊರಟು, ಬಟ್ಟೆಯೊಳಗಿನಿಂದ ಇಣುಕುವ ಎಳೆಗಳನ್ನು ಕಂಡು ನಿಲ್ಲುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಹಜರತಬಿ ಮುಂದೆ ಬರುತ್ತಾರೆ.

"ನೀವು ಸುಮ್ನಿರ್ರಿ, ಅಕ್ಕಾರ," ಎಂದು ಅವನ ಕಡೆ ತಿರುಗುತ್ತಾರೆ. "ಮಹಾಂತೇಶ, ನಿನ್ನ ಫಣಿ ನಿನ್ನ ಕೇಳದ ಸರಗ ಕೊಟ್ಟಿದ್ನೆಪಾ. ಕೀಲಿ ಕಳದೈತಿ ಅಂದದ್ದು ಸುಳ್ಳ."

"ಕೇಳಾಕ ಏನಾಗಿತ್ತ ಚಾಚಿ? ಬ್ಯಾಡ ಅಂತಿದ್ನೇನ?"

"ಅಂದಿದ್ರ ಸರಗ ಇಲ್ಲ ಅನಬೇಕಾಗ್ತಿತ್ತು."

ಮಹಾಂತೇಶ ಬಟ್ಟೆ ಸರಿಸುತ್ತಾನೆ. ಅಂಚಿನ ಗಿಡ್ಡ ತುದಿಗಳ ಮೇಲೆ ಬೆರಳಾಡಿಸುತ್ತಾನೆ. ಊರೆಲ್ಲ ಏನೇನೋ ಮಾತಾಡಿತು, ತಾನೂ ಒಂದೆರಡು ಕಡೆ ಆಡಿದೆ ಎಂದು ಮೆಲ್ಲಗೆ ಹೇಳುತ್ತಾನೆ. ಅವನೂ ಯಾರ ಮುಖವನ್ನೂ ನೋಡುತ್ತಿಲ್ಲ. ಈ ಕಡೆಯ ಎಳೆ ಇಷ್ಟು ಗಿಡ್ಡವಾದರೆ ಕೆಚ್ಚಲು ಆಗುತ್ತದೆಯೇ ಎಂದು ಅವನು ಕೇಳುತ್ತಾನೆ. ಹೊತ್ತು ಹಿಡಿಯುತ್ತದೆ, ಆಗುತ್ತದೆ ಎಂದು ಹಜರತಬಿ ಹೇಳುತ್ತಾರೆ. ನೀನು ಬೇರೆಯವರನ್ನು ಕರೆಸಿದರೂ ನನಗೆ ಬೇಸರವಿಲ್ಲ ಎಂದೂ ಹೇಳುತ್ತಾರೆ.

ಮಹಾಂತೇಶ ಹೊಸ್ತಿಲಿನಿಂದ ಪಕ್ಕಕ್ಕೆ ಸರಿಯುತ್ತಾನೆ.

"ಒಳಗ ಬಾ ಚಾಚಿ. ಹೊರಗ ನಿಂತ ಹಾಸ ಕೆಚ್ಚಾಕ ಬರ್ತೈತೇನ?"

ಹಜರತಬಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಮಗ್ಗದ ಹತ್ತಿರ ಹೋಗಿ ನನ್ನ ಕಡೆ ತಿರುಗಿ ಎರಡೂ ಕೈ ಚಾಚುತ್ತಾರೆ. ನಾನೂ ಒಳಗೆ ಹೋಗಿ ಫಣಿಯನ್ನು ಆ ಕೈಗಳ ಮೇಲೆ ಇಡುತ್ತೇನೆ. ಅದನ್ನು ಹಿಡಿದುಕೊಂಡೇ, ಮೊದಲ ಸಲ ನನ್ನ ಮುಖ ನೋಡುತ್ತಾರೆ.

"ಸರ ಒಯ್ದದ್ದು ಮುಟ್ಟಿತ್ರಿ, ಅಕ್ಕಾರ."